ಆಕಾಶದ ಉಗ್ರಾಣಕ್ಕೆ ಕೈಯೂರಿ ಹೋದದ್ದು

ಬೇಗೂರು

ಎಲ್ಲ ಶಾಲೆಯ ಮಕ್ಕಳೂ ರಾಕೆಟ್ ಮಾಡುತ್ತಾರೆ. ನಮ್ಮ ಮಕ್ಕಳು ಉಗ್ರಾಣ ಮಾಡಿದರು. ನಾನು ರಷ್ಯಾ ನೋಡುವಂತಾದದ್ದು ಅದರಿಂದ.

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿಗೆ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಬಾಹ್ಯಾಕಾಶ ನಿಲ್ದಾಣದ ಪಾಠ ಮಾಡುವಾಗ ಒಂದು ವಿಷಯ ಮಕ್ಕಳಿಗೆ ಬಹಳ ಹಿಡಿಸಿತು. ಆ ನಿಲ್ದಾಣ ಒಂದೇ ಕಟ್ಟಡವಲ್ಲ, ರೈಲಿನ ಬೋಗಿಗಳಂತೆ ಒಂದಕ್ಕೊಂದು ಜೋಡಿಸಿದ ಕೊಳವೆಗಳು. ಅದರಲ್ಲಿ ಒಂದು ಕೊಳವೆಯ ಕೆಲಸ ಎರಡೇ. ಭೂಮಿಯಿಂದ ಹೋದ ನೌಕೆ ಬಂದು ಅದರ ಮೂತಿಗೆ ತಗುಲಿಕೊಳ್ಳುತ್ತದೆ. ತಂದ ಸಾಮಾನನ್ನು ಅದರೊಳಗೆ ಇಳಿಸಿ ಜೋಡಿಸುತ್ತಾರೆ. ಬಾಗಿಲೂ ಅದೇ, ಉಗ್ರಾಣವೂ ಅದೇ. ರಷ್ಯನ್ನರು ಅದಕ್ಕಿಟ್ಟ ಹೆಸರಿಗೆ ಬೆಳಗು ಎಂದು ಅರ್ಥ. ದಿನವೂ ತರಕಾರಿ ಲಾರಿಗೆ ಮೂಟೆ ಏರಿಸುವವರ ಮಕ್ಕಳಿಗೆ ಇದು ಅರ್ಥವಾಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಬಿದಿರು, ಹಳೆ ಟಾರ್ಪಾಲು, ಗೋಣಿಚೀಲ ತಂದು ಶಾಲೆಯ ಜಗಲಿಯಲ್ಲಿ ಅಳತೆಗೆ ಸರಿಯಾಗಿ ಅದನ್ನು ಕಟ್ಟಿಯೇಬಿಟ್ಟರು.

ನೋಡಲು ಬಂದ ಅಧಿಕಾರಿಯೊಬ್ಬರು, "ಇದೇನ್ ಮೇಡಂ, ಗೋಡೌನ್ ಮಾಡಿದ್ದೀರಿ, ರಾಕೆಟ್ ಎಲ್ಲಿ?" ಎಂದರು.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ರಾಕೆಟ್ಟು ಸಾಮಾನ್ ಇಳ್ಸ್‌ಬುಟ್ಟು ಓಯ್ತು ಸಾ" ಎಂದಳು.

ಒಂದು ಖಾಸಗಿ ಪ್ರತಿಷ್ಠಾನ ನಡೆಸಿದ ಸ್ಪರ್ಧೆಗೆ ಇದರ ಚಿತ್ರಗಳನ್ನು ಕಳಿಸಿದೆವು. ಬಹುಮಾನ ಬಂತು. ರಾಜ್ಯದ ಆರು ಮಂದಿ ಶಿಕ್ಷಕರಿಗೆ ರಷ್ಯಾ ಪ್ರವಾಸ. ಅಲ್ಲಿಯ ಒಂದು ಊರಿನ ಸಂಗ್ರಹಾಲಯದಲ್ಲಿ, ಹಿಂದೆ ತರಬೇತಿಗೆ ಬಳಸಿದ ಇಂಥದ್ದೇ ಕೊಳವೆಯ ಪೂರ್ಣ ಅಳತೆಯ ಪ್ರತಿಯನ್ನು ನೋಡುವುದು ಮುಖ್ಯ ಕಾರ್ಯಕ್ರಮ.

ಪತ್ರ ಬಂದ ಮಧ್ಯಾಹ್ನವೇ ಹೆಡ್‌ಮಾಸ್ಟರ್ ಗುರುಸಿದ್ದಪ್ಪನವರು ನನ್ನನ್ನು ಕರೆದು, ಬಹಳ ಪ್ರೀತಿಯಿಂದ, ನನ್ನ ಬದಲು ಪಿ.ಟಿ. ಮೇಷ್ಟರನ್ನು ಕಳಿಸೋಣ ಎಂದರು. ನನಗೆ ಎರಡು ವರ್ಷವಿದ್ದಾಗ ಪೋಲಿಯೊ ಆಗಿತ್ತು. ಬಲಗಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಕಟ್ಟಿ, ಕಂಕುಳಿಗೆ ಊರುಗೋಲು ಕೊಟ್ಟು ನಡೆಯುತ್ತೇನೆ.

"ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ ಮೇಡಂ, ಅಷ್ಟೇ."

"ತೊಂದ್ರೆ ಆಗೋದು ನನಗೆ ತಾನೇ ಸಾರ್? ಆಗ್ಲಿ ಬಿಡಿ, ನಾನೇ ಪಡ್ತೀನಿ" ಎಂದೆ.

ಪ್ರತಿಷ್ಠಾನದವರೂ ಫೋನ್ ಮಾಡಿ ಸುತ್ತಿಬಳಸಿ ಅದನ್ನೇ ಹೇಳಿದರು. ನಾನು ಒಂದೇ ವಾಕ್ಯ ಬರೆದು ಕಳಿಸಿದೆ: "ಬಹುಮಾನ ಬಂದವಳು ನಾನು, ಬರುವವಳೂ ನಾನೇ." ಹಾಗಾದರೆ ಜೊತೆಗೆ ಒಬ್ಬರು ಇರಲೇಬೇಕು ಎಂದು ಷರತ್ತು ಹಾಕಿದರು. ಯಾರೂ ಸಿಗಲಾರರು ಎಂಬ ಲೆಕ್ಕ ಇದ್ದಿರಬೇಕು.

ನನ್ನ ಅಕ್ಕ ಮಾದಮ್ಮ ಅವರ ಲೆಕ್ಕದಲ್ಲಿ ಇರಲಿಲ್ಲ. ನಾವಿಬ್ಬರೂ ಚಂದಕವಾಡಿಯಲ್ಲಿ ಹುಟ್ಟಿದವರು. ಅಕ್ಕನನ್ನು ಗುಂಡ್ಲುಪೇಟೆಯಾಚೆಯ ಮದ್ದೂರಿನ ಕಡೆ, ಕಾಡಂಚಿನ ಹಳ್ಳಿಗೆ ಕೊಟ್ಟಿದೆ. ವರ್ಷಕ್ಕೆ ಮೂರು ತಿಂಗಳು ಗಡಿ ದಾಟಿ ವಯನಾಡಿನ ಶುಂಠಿ ಹೊಲಗಳಿಗೆ ಕೂಲಿಗೆ ಹೋಗುವವಳು. ವಿಷಯ ಹೇಳಿದಾಗ ಎಲೆಅಡಿಕೆ ಉಗಿದು ಬಂದು, "ನಾನ್ ಬತ್ತೀನಿ ಬುಡು. ವಯನಾಡ್‌ಗೆ ಓಗಿ ಬಂದೋಳ್ಗೆ ರಷ್ಯಾ ಏನ್ ಮಾಡ್ಬುಟ್ಟದು?" ಎಂದಳು.

ವಿಮಾನ ನಿಲ್ದಾಣ

ಆರು ಶಿಕ್ಷಕರಲ್ಲಿ ಒಬ್ಬರಾದ ಬೆಂಗಳೂರಿನ ಸುದರ್ಶನ್ ನಮ್ಮ ತಂಡದ ಮುಂದಾಳು. ಕೆಟ್ಟವರಲ್ಲ. ನನ್ನ ಬಗ್ಗೆ ಏನೇ ಕೇಳುವುದಿದ್ದರೂ ಅಕ್ಕನನ್ನು ಕೇಳುತ್ತಿದ್ದರು. "ಮೇಡಂ ಊಟ ಮಾಡಿದ್ರಾ?" "ಮೇಡಂಗೆ ಬಾತ್‌ರೂಮಿಗೆ ಹೋಗ್ಬೇಕಾ?" ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಮೂರನೆಯ ಸಲ ಅಕ್ಕ, "ಅವ್ಳ್ಗೆ ಕಾಲ್ ಒಂದ್ ಸರಿಯಿಲ್ಲ ಕಣಪ್ಪ, ಬಾಯಿ ಸರಿಯಾಗದ. ಅವ್ಳ್ನೇ ಕೇಳು" ಎಂದಳು.

ಲೋಹ ಪತ್ತೆ ಮಾಡುವ ಬಾಗಿಲು ನನ್ನನ್ನು ಕಂಡು ಕೂಗಿಕೊಂಡಿತು. ಸಾಲಿನಲ್ಲೇ ಕ್ಯಾಲಿಪರ್ ಬಿಚ್ಚಿ ಎಂದರು. ಕುರ್ಚಿ ಕೊಡಿ, ಮರೆ ಕೊಡಿ, ಒಬ್ಬ ಹೆಂಗಸನ್ನು ಕರೆಯಿರಿ, ಆಮೇಲೆ ಬಿಚ್ಚುತ್ತೇನೆ ಎಂದೆ. ಹಿಂದೆ ನಿಂತವರು ಗೊಣಗಿದರು. ಗೊಣಗಲಿ ಎಂದು ನಿಂತೆ. ಮೂರೂ ಬಂದವು.

ಮಾಸ್ಕೋದಲ್ಲಿ ಸಿಕ್ಕಿಬಿದ್ದವಳು ಅಕ್ಕ. ಅವಳ ಚೀಲದಲ್ಲಿ ರಾಗಿ ಹುರಿಹಿಟ್ಟಿನ ದೊಡ್ಡ ಪೊಟ್ಟಣವಿತ್ತು. ಅಧಿಕಾರಿ ಅದನ್ನು ಬಿಚ್ಚಿ ಮೂಸಿ, ಇದೇನು ಎಂದು ಕಣ್ಣಲ್ಲೇ ಕೇಳಿದ. ತಿನ್ನುವ ವಸ್ತು ಎಂದು ತೋರಿಸಲು ಅಕ್ಕ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಒಣಹಿಟ್ಟು ಗಂಟಲಿಗೆ ಸಿಕ್ಕಿ ಕೆಮ್ಮತೊಡಗಿದಳು. ಮೂಗಿನಿಂದ, ಬಾಯಿಂದ ಕಂದು ಬಣ್ಣದ ಹೊಗೆ. ಅಧಿಕಾರಿ ಗಾಬರಿಯಾಗಿ ತನ್ನ ನೀರಿನ ಬಾಟಲಿಯನ್ನೇ ಕೊಟ್ಟು, ಅವಳ ಬೆನ್ನು ತಟ್ಟಿ, ಪೊಟ್ಟಣವನ್ನು ತಾನೇ ಕಟ್ಟಿ ಚೀಲಕ್ಕೆ ಹಾಕಿ ಕಳಿಸಿದ.

ಮೆಟ್ಟಿಲುಗಳ ಊರು

ಸಂಗ್ರಹಾಲಯವಿದ್ದ ಊರು ಮಾಸ್ಕೋದಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ನಮ್ಮ ಗುಂಡ್ಲುಪೇಟೆಗಿಂತ ಸ್ವಲ್ಪ ದೊಡ್ಡದು. ಮರಗಳ ಎಲೆಯೆಲ್ಲ ಹಳದಿಯಾಗಿ ಉದುರುತ್ತಿತ್ತು. ಅಲ್ಲಿಯ ಜನ ಗುರುತಿಲ್ಲದವರನ್ನು ನೋಡಿ ನಗುವುದಿಲ್ಲ. ಮೊದಲ ದಿನ ಇದು ನನಗೆ ಬಿಗುವೆನಿಸಿತು. ಎರಡನೆಯ ದಿನ ಹಾಯೆನಿಸಿತು. ನಮ್ಮಲ್ಲಿ ಬಸ್ಸು ಹತ್ತಿದರೆ ಮೊದಲು "ಅಯ್ಯೋ ಪಾಪ" ಸಿಗುತ್ತದೆ, ಆಮೇಲೆ "ಏನಾಗಿತ್ತು, ಹುಟ್ಟಿದಾಗಿಂದಲೂ ಹಿಂಗೇನಾ" ಎಂಬ ವಿಚಾರಣೆ, ಸೀಟು ಮಾತ್ರ ಕೊನೆಗೂ ಸಿಗುವುದಿಲ್ಲ. ಅಂಗವಿಕಲರ ಸೀಟಿನಲ್ಲಿ ಕೂತವನಿಗೆ ಸರಿಯಾಗಿ ಆಗಲೇ ನಿದ್ರೆ ಬಂದಿರುತ್ತದೆ. ಇಲ್ಲಿ ನಾನು ಬಸ್ಸಿನ ಬಾಗಿಲಲ್ಲಿ ಕಂಡ ಕೂಡಲೇ ಒಬ್ಬ ಎದ್ದು, ನನ್ನ ಮುಖವನ್ನೂ ನೋಡದೆ ಕಿಟಕಿಯ ಕಡೆ ತಿರುಗಿ ನಿಂತ. ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಸೀಟು ಮಾತ್ರ.

ಹಾಗೆಂದು ಆ ಊರು ಸ್ವರ್ಗವೇನಲ್ಲ. ಎಲ್ಲಿ ನೋಡಿದರೂ ಮೆಟ್ಟಿಲು. ಕೆಲವು ಕಡೆ ಮೆಟ್ಟಿಲ ಮೇಲೆಯೇ ಎರಡು ಕಬ್ಬಿಣದ ಪಟ್ಟಿ ಇಳಿಬಿಟ್ಟು, ಗಾಲಿಕುರ್ಚಿಗೆ ಅನುಕೂಲವೆಂದು ಬಿಟ್ಟಿದ್ದರು. ಗೋಡೆಗೆ ಏಣಿ ಒರಗಿಸಿದಷ್ಟು ಕಡಿದು. ಅಕ್ಕ ನಿಂತು ನೋಡಿ, "ಇದ್ರ ಮ್ಯಾಲೆ ಮ್ಯಾಕೆನೂ ಅತ್ತಾಕಿಲ್ಲ ಕಣಮ್ಮಿ" ಎಂದಳು.

ಯಾವ ಕಟ್ಟಡಕ್ಕೆ ಹೋದರೂ ಮೇಲಂಗಿಯನ್ನು ಬಾಗಿಲಲ್ಲಿ ಬಿಚ್ಚಿ ಒಪ್ಪಿಸಬೇಕು. ಅದನ್ನು ಗೂಟಕ್ಕೆ ನೇತುಹಾಕಲು ಒಬ್ಬಳು ಮುದುಕಿ ಇರುತ್ತಾಳೆ. ಅಕ್ಕನ ಸ್ವೆಟರಿಗೆ ನೇತುಹಾಕುವ ಕುಣಿಕೆ ಇರಲಿಲ್ಲವೆಂದು ಹೋಟೆಲಿನ ಮುದುಕಿ ಐದು ನಿಮಿಷ ಬೈದಳು. ಅಕ್ಕ ತನ್ನ ಭಾಷೆಯಲ್ಲಿ ಐದು ನಿಮಿಷ ಬೈದಳು. ಊಟ ಮುಗಿಸಿ ಬಂದು ನೋಡಿದರೆ ಮುದುಕಿ ಸೂಜಿದಾರ ತೆಗೆದು ಕುಣಿಕೆ ಹೊಲಿದಿಟ್ಟಿದ್ದಳು. ಇಬ್ಬರೂ ನಗಲಿಲ್ಲ, ಆದರೆ ಆಮೇಲೆ ಒಬ್ಬರನ್ನೊಬ್ಬರು ಕಂಡಾಗ ತಲೆ ಆಡಿಸುತ್ತಿದ್ದರು.

ನಮಗೆ ದುಭಾಷಿಯಾಗಿ ಬಂದವಳು ಶೀಬಾ. ವಯನಾಡಿನ ಸುಲ್ತಾನ್ ಬತ್ತೇರಿಯವಳು, ಗಡಿಯ ಊರಾದ್ದರಿಂದ ಕನ್ನಡವೂ ಬರುತ್ತಿತ್ತು; ರಷ್ಯಾಕ್ಕೆ ಡಾಕ್ಟರಿಕೆ ಓದಲು ಹೋಗಿ ಅಲ್ಲಿಯವನನ್ನೇ ಮದುವೆಯಾಗಿದ್ದಳು. ಊರಿನ ಹೆಸರು ಕೇಳಿದ್ದೇ ಅಕ್ಕ ಮಲಯಾಳದಲ್ಲಿ ಮಾತಿಗಿಳಿದಳು. ಶೀಬಾಳ ಕಣ್ಣಲ್ಲಿ ನೀರು ಬಂತು. "ಚೇಚಿ, ಚೇಚಿ", ಅಂದರೆ ಅಕ್ಕಾ ಅಕ್ಕಾ, ಎನ್ನುತ್ತ ಅವಳ ಕೈ ಹಿಡಿದವಳು ನಾವು ಹೊರಡುವವರೆಗೂ ಬಿಡಲಿಲ್ಲ.

ಸಂಗ್ರಹಾಲಯ, ಮೊದಲ ದಿನ

ದೊಡ್ಡ ಗೋದಾಮಿನಂಥ ಕಟ್ಟಡದ ನಡುವೆ ಅದು ಅಡ್ಡಡ್ಡ ಮಲಗಿತ್ತು. ಆರು ಮೀಟರಿನಷ್ಟು ಉದ್ದದ ಹೊಟ್ಟೆ ಉಬ್ಬಿದ ಕೊಳವೆ. ಒಂದು ತುದಿಗೆ ದುಂಡು ಬಾಗಿಲು, ಎರಡು ಮೊಳಕ್ಕೂ ಕಡಿಮೆ ಅಗಲ. ಬಾಗಿಲಿಗೆ ಹೋಗಲು ನಾಲ್ಕು ಮೆಟ್ಟಿಲ ಮರದ ಅಟ್ಟಣೆ. ಇಷ್ಟು ವರ್ಷ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಎದುರಿಗೇ ಇತ್ತು.

ಅದನ್ನು ನೋಡಿಕೊಳ್ಳುವವರು ಗಲೀನಾ. ಎಪ್ಪತ್ತರ ಆಸುಪಾಸಿನ, ನೆಟ್ಟಗೆ ನಿಂತ ಹೆಂಗಸು. ಹಿಂದೆ ಗಗನಯಾತ್ರಿಗಳಿಗೆ ಸಾಮಾನು ಕಟ್ಟುವ, ಬಿಚ್ಚುವ, ಹುಡುಕುವ ಪಾಠ ಹೇಳುತ್ತಿದ್ದರಂತೆ. ಅವರು ನನ್ನ ಕಾಲು ನೋಡಿದರು, ಗೋಡೆಗೆ ಅಂಟಿಸಿದ ನಿಯಮಗಳ ಹಾಳೆ ನೋಡಿದರು, ಆಗುವುದಿಲ್ಲ ಎಂದು ತಲೆಯಾಡಿಸಿದರು.

ಸುದರ್ಶನ್ ನಿಟ್ಟುಸಿರು ಬಿಟ್ಟು, "ನೀವು ಇಲ್ಲೇ ಕೂತಿರಿ ಮೇಡಂ. ನಾವು ವಿಡಿಯೊ ಮಾಡ್ಕೊಂಡ್ ಬಂದುಬಿಡ್ತೀವಿ. ಎಲ್ಲರ ಬ್ಯಾಗೂ ನಿಮ್ಮ ಹತ್ರ ಇರ್ಲಿ" ಎಂದರು.

ಐವರೂ ಒಳಗೆ ಹೋದರು. ನನ್ನ ಸುತ್ತ ಐದು ಬ್ಯಾಗು. ಹತ್ತು ನಿಮಿಷಕ್ಕೆ ನಗುತ್ತ ಹೊರಬಂದರು. ನನ್ನ ಕೈಯಲ್ಲಿ ಮಕ್ಕಳು ಬರೆದುಕೊಟ್ಟ ಪ್ರಶ್ನೆಗಳ ಹಾಳೆ ಇತ್ತು, ಎರಡೂ ಬದಿ ತುಂಬ. ಒಬ್ಬರನ್ನು ಕೇಳಿದೆ, "ಚೀಲಗಳನ್ನ ಯಾವ ಗೋಡೆಗೆ ಕಟ್ಟಿದ್ದಾರೆ ಸಾರ್?"

"ಎಲ್ಲಾ ಬಿಳಿ ಬಿಳಿ ಇತ್ತು ಮೇಡಂ. ಫೋಟೊ ಚೆನ್ನಾಗ್ ಬಂದಿದೆ ನೋಡಿ."

ಫೋಟೊದಲ್ಲಿ ಅವರ ಮುಖವೇ ತುಂಬಿತ್ತು.

ಬಸ್ಸು ಹೊರಡುವ ಹೊತ್ತಾಯಿತು. ನಾನು ಏಳಲಿಲ್ಲ. ಸುದರ್ಶನ್ ಎರಡು ಸಲ ಕರೆದರು. ಶೀಬಾಳನ್ನು ಕೂಗಿ, "ಆ ಅಮ್ಮನಿಗೆ ಒಂದು ಮಾತು ಕೇಳು" ಎಂದೆ. "ಮೇಲೆ, ಆಕಾಶದಲ್ಲಿ, ಇದರೊಳಗೆ ಯಾರಾದರೂ ನಡೆಯುತ್ತಾರಾ?"

ಗಲೀನಾ ಇಲ್ಲ ಎಂದರು.

"ಹಾಗಾದರೆ ಹೇಗೆ ಓಡಾಡುತ್ತಾರೆ?"

"ಕೈಯಿಂದ. ಗೋಡೆಯ ಹಿಡಿಗಳನ್ನು ಹಿಡಿದು."

ನಾನು ಊರುಗೋಲು ಪಕ್ಕಕ್ಕಿಟ್ಟು ಎರಡೂ ಅಂಗೈ ಅವರ ಮುಂದೆ ಚಾಚಿದೆ. ನಲವತ್ತು ವರ್ಷ ಮೈಯ ಭಾರ ಹೊತ್ತ ಕೈಗಳು. ಅಕ್ಕನ ಗುದ್ದಲಿ ಹಿಡಿದ ಕೈಗೂ ನನ್ನದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಗಲೀನಾ ಹೆಬ್ಬೆರಳಿನಿಂದ ನನ್ನ ಅಂಗೈಯ ಗಂಟುಗಳನ್ನು ಒತ್ತಿ ನೋಡಿದರು. ನಿರ್ದೇಶಕರನ್ನು ಕೇಳಬೇಕು, ನಾಳೆ ಬೆಳಿಗ್ಗೆ ಬನ್ನಿ ಎಂದರು.

"ನಾಳೆ ಸಿಟಿ ಟೂರ್ ಇದೆ ಮೇಡಂ. ಬಸ್ಸು ಈ ಕಡೆ ಬರಲ್ಲ" ಎಂದರು ಸುದರ್ಶನ್.

"ನೀವು ಹೋಗಿ ಬನ್ನಿ ಸಾರ್. ನಿಮ್ಮ ಬ್ಯಾಗ್ ಕಾಯೋಕೆ ಬೇರೆ ಯಾರನ್ನಾದರೂ ನೋಡ್ಕೊಳ್ಳಿ."

ಸಂಗ್ರಹಾಲಯ, ಎರಡನೆಯ ದಿನ

ಬೆಳಿಗ್ಗೆ ನಾನು, ಅಕ್ಕ, ತಂಡದ ಕೆಲಸಕ್ಕೆ ಅಂದು ರಜೆ ಹೇಳಿ ಬಂದ ಶೀಬಾ ಮೂವರೂ ಊರಿನ ಬಸ್ಸು ಹಿಡಿದು ಹೋದೆವು. ಗಲೀನಾ ಬಾಗಿಲಲ್ಲೇ ನಿಂತಿದ್ದರು.

"ನಿರ್ದೇಶಕರನ್ನು ಕೇಳಿದೆ. ಆಗುವುದಿಲ್ಲ ಎಂದರು" ಎಂದು ಶೀಬಾ ಅವರ ಮಾತನ್ನು ತಿಳಿಸಿದಳು.

ನನ್ನ ಮುಖ ಇಳಿದಿರಬೇಕು. ಗಲೀನಾ ಗೋಡೆಯ ಗಡಿಯಾರ ತೋರಿಸಿ ಇನ್ನೊಂದು ಮಾತು ಸೇರಿಸಿದರು: "ಅವರು ಬರುವುದು ಹನ್ನೊಂದಕ್ಕೆ. ಈಗ ಒಂಬತ್ತು."

ಅಟ್ಟಣೆಯ ಮೆಟ್ಟಿಲನ್ನು ಕೂತು, ಕೈಯೂರಿ, ಹಿಮ್ಮುಖವಾಗಿ ಹತ್ತಿದೆ. ಮೇಲೆ ಕ್ಯಾಲಿಪರ್ ಬಿಚ್ಚಿ ಅಕ್ಕನ ಕೈಗೆ ಕೊಟ್ಟೆ. ದುಂಡು ಬಾಗಿಲಿನೊಳಗೆ ಮೊದಲು ಕೈ, ಆಮೇಲೆ ತಲೆ, ಆಮೇಲೆ ಭುಜ. ಒಳಗಿನ ಹಿಡಿ ಸಿಕ್ಕಿದ್ದೇ ಮೈಯನ್ನು ಎಳೆದುಕೊಂಡೆ. ಕಾಲುಗಳು ಹಿಂದೆ ತಾವಾಗಿ ಬಂದವು, ಯಾವ ತಕರಾರೂ ಇಲ್ಲದೆ.

ಒಳಗೆ ಹಳೆ ಬಟ್ಟೆ, ಗೋಂದು ಬೆರೆತ ವಾಸನೆ. ನಾಲ್ಕೂ ಕಡೆ, ಅಂದರೆ ಎಡ, ಬಲ, ತಲೆಯ ಮೇಲೆ, ಮೈಯ ಕೆಳಗೆ, ಬಿಳಿ ಬಟ್ಟೆಯ ಚೌಕ ಚೀಲಗಳು. ಒಂದೊಂದಕ್ಕೂ ಪಟ್ಟಿ, ಬಿಗಿಯುವ ಕೊಂಡಿ, ಸಂಖ್ಯೆಯ ಚೀಟಿ. ನಡುವೆ ಒಬ್ಬರು ಹಾದುಹೋಗುವಷ್ಟು ದಾರಿ. ನಾನು ಒಂದು ಹಿಡಿಯಿಂದ ಇನ್ನೊಂದಕ್ಕೆ ಕೈ ಬದಲಿಸುತ್ತ ಆ ತುದಿಯವರೆಗೂ ಹೋದೆ. ನನ್ನ ಹಿಂದೆ ಬಂದ ಗಲೀನಾ ಮಂಡಿ ನೋವಿಗೆ ನರಳುತ್ತಿದ್ದರು. ಅಲ್ಲಿ ಮುಂದೆ ಹೋಗುತ್ತಿದ್ದವಳು ನಾನು.

ಪ್ರಶ್ನೆಗಳ ಹಾಳೆ ಬಿಡಿಸಿದೆ. ಶೀಬಾ ಬಾಗಿಲಲ್ಲಿ ತಲೆ ತೂರಿಸಿ ಕೂತಳು.

ಮೇಲು ಕೆಳಗು ಇಲ್ಲದ ಕಡೆ ಅಟ್ಟ ಯಾವುದು? ಅಟ್ಟವೇ ಇಲ್ಲ. ಬೇಗ ಬೇಕಾದದ್ದು ಕೈಗೆ ಹತ್ತಿರ, ತಡವಾಗಿ ಬೇಕಾದದ್ದು ಅದರ ಹಿಂದೆ. ಕಟ್ಟು ಬಿಚ್ಚಿಕೊಂಡರೆ ಮೂಟೆ ಎಲ್ಲಿಗೆ ಹೋಗುತ್ತದೆ? ಗಾಳಿ ಎಳೆದ ಕಡೆಗೆ. ಕಳೆದುಹೋದ ಸಣ್ಣ ವಸ್ತುಗಳನ್ನು ಮೊದಲು ಗಾಳಿ ಹೀರುವ ಜಾಲರಿಯ ಮೇಲೆ ಹುಡುಕುತ್ತಾರೆ. ಕಸ ಏನು ಮಾಡುತ್ತಾರೆ? ಸಾಮಾನು ಇಳಿಸಿದ ಖಾಲಿ ನೌಕೆಗೆ ತುಂಬಿ ಕಳಿಸುತ್ತಾರೆ. ಅದು ದಾರಿಯಲ್ಲೇ ಉರಿದುಹೋಗುತ್ತದೆ. ಇಲಿ ಬರುತ್ತದೆಯೆ? ಈ ಪ್ರಶ್ನೆಗೆ ಗಲೀನಾ ಮೊದಲ ಸಲ ನಕ್ಕರು.

ಆಮೇಲೆ ನಾನು ಫೋನಿನಲ್ಲಿ ನಮ್ಮ ಮಕ್ಕಳ ಮಾದರಿಯ ಚಿತ್ರ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಬಿದಿರಿನ ಬಾಗು ಮೆಚ್ಚಿದರು. ಕೊನೆಗೆ ಒಂದು ಕಡೆ ಬೆರಳಿಟ್ಟರು. ನೌಕೆ ಬಂದು ತಗುಲುವ ಬಾಗಿಲಿನ ಮುಂದೆ ನಾವು ಗೋಣಿಮೂಟೆಗಳನ್ನು ಚೆನ್ನಾಗಿ ಕಾಣಲೆಂದು ಗೋಪುರದಂತೆ ಪೇರಿಸಿದ್ದೆವು.

"ಇದು ತಪ್ಪು" ಎಂದರು. "ಬೆಂಕಿ ಬಿದ್ದರೆ, ಗಾಳಿ ಸೋರಿದರೆ, ತಗುಲಿಕೊಂಡ ನೌಕೆಯೇ ಅವರ ಮನೆಗೆ ದಾರಿ. ಆ ಬಾಗಿಲ ಮುಂದೆ ಒಂದು ಚೀಲವನ್ನೂ ಇಡುವಂತಿಲ್ಲ. ನಾನು ಎಲ್ಲರಿಗೂ ಮೊದಲ ದಿನ ಹೇಳುತ್ತಿದ್ದ ಪಾಠ ಇದೇ."

ಬಹುಮಾನ ಬಂದ ಮಾದರಿ ತಪ್ಪಾಗಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹೊರಗೆ ಬ್ಯಾಗು ಕಾಯುತ್ತ ಕೂತು ವಾಪಸಾಗಿದ್ದರೆ ಈ ತಪ್ಪನ್ನೇ ಇನ್ನೂ ಹದಿನೈದು ವರ್ಷ ಮಕ್ಕಳಿಗೆ ಹೇಳಿಕೊಡುತ್ತಿದ್ದೆನಲ್ಲ ಎಂದು.

ಅಷ್ಟರಲ್ಲಿ ಹೊರಗೆ ಗಂಡಸಿನ ದನಿ. ನಿರ್ದೇಶಕರು ಅಂದು ಹತ್ತೂಕಾಲಿಗೇ ಬಂದುಬಿಟ್ಟಿದ್ದರು. ಶೀಬಾಳ ತಲೆ ಬಾಗಿಲಿನಿಂದ ಮಾಯವಾಯಿತು. ನಾನು ತಿರುಗಲು ಹೋದರೆ ದುಪಟ್ಟದ ತುದಿ ಒಂದು ಚೀಲದ ಕೊಂಡಿಗೆ ಸಿಕ್ಕಿ ಕುತ್ತಿಗೆ ಬಿಗಿಯಿತು. ಗಲೀನಾ ಬಿಡಿಸಲು ಒದ್ದಾಡುತ್ತಿದ್ದರು. ಹೊರಗೆ ಅಕ್ಕನ ದನಿ ಕೇಳಿಸಿತು.

"ಶೀಬಮ್ಮ, ಅವ್ರ್ಗೇಳು. ಅವ್ಳು ಕೆಲ್ಸ ಮುಗ್ಸೋಗಂಟ ಬರಾಕಿಲ್ಲ. ನಾನೂ ದಾರಿ ಬುಡಾಕಿಲ್ಲ."

ಆಮೇಲೆ ಶೀಬಾ ಹೇಳಿದಳು, ಅಕ್ಕ ಅಟ್ಟಣೆಯ ಕೆಳಮೆಟ್ಟಿಲ ಮೇಲೆ, ಎದೆಗೆ ಕ್ಯಾಲಿಪರ್ ಅವುಚಿಕೊಂಡು, ಆರಡಿ ಎತ್ತರದ ಆ ಮನುಷ್ಯನ ಹೊಟ್ಟೆಗೆ ಎದುರಾಗಿ ನಿಂತಿದ್ದಳಂತೆ.

ಗಲೀನಾ ದುಪಟ್ಟ ಬಿಡಿಸುವಷ್ಟರಲ್ಲಿ ನಿರ್ದೇಶಕರು ಕೊಳವೆಯ ಬದಿಗೆ ಬಂದು ಕೂಗಿದರು, ಶೀಬಾ ಅದನ್ನೇ ಕನ್ನಡದಲ್ಲಿ ಕೂಗಿದಳು. ನೀವು ಬಿದ್ದು ಪೆಟ್ಟಾದರೆ ಯಾರು ಹೊಣೆ?

"ನಾನೇ" ಎಂದೆ ಒಳಗಿನಿಂದ.

ಬರೆದುಕೊಡಿ ಎಂದರು. ಪ್ರಶ್ನೆಯ ಹಾಳೆಯ ಅಂಚು ಹರಿದು, ನನಗೇನಾದರೂ ಆದರೆ ನಾನೇ ಹೊಣೆ ಎಂದು ಕನ್ನಡದಲ್ಲಿ ಬರೆದು, ನಾಗರತ್ನ ಎಂದು ಸಹಿ ಮಾಡಿ ಶೀಬಾಳ ಕೈಗೆ ಕಳಿಸಿದೆ. ಅವರು ಅದನ್ನು ತಿರುಗಾ ಮುರುಗಾ ಹಿಡಿದು ನೋಡಿ, ಇದನ್ನು ನನಗೆ ಓದಲು ಬರುವುದಿಲ್ಲ ಎಂದರು.

"ನಿಮ್ಮ ಗೋಡೆಯ ನಿಯಮ ನನಗೂ ಓದಲು ಬರುವುದಿಲ್ಲ" ಎಂದೆ.

ಮತ್ತೆ ಅವರ ದನಿ ಬಂತು: ಹತ್ತು ನಿಮಿಷ. ಅವರು ಮೆತ್ತಗಾದರು ಎಂದು ಬರೆಯಲು ನನಗೂ ಇಷ್ಟ, ಆದರೆ ಹಾಗಾಗಲಿಲ್ಲ. ಕೈ ಕಟ್ಟಿಕೊಂಡು ಗಡಿಯಾರ ನೋಡುತ್ತ ನಿಂತರು. ನಾನು ಹತ್ತು ನಿಮಿಷವನ್ನೂ ಪೂರ್ತಿ ಬಳಸಿದೆ. ಗಲೀನಾ ಒಂದು ಚೀಲ ಬಿಚ್ಚಿ, ಕಟ್ಟುವ ಕ್ರಮವನ್ನು ನನ್ನ ಕೈಯಲ್ಲೇ ಎರಡು ಸಲ ಮಾಡಿಸಿದರು. ಹೊರಗೆ ಬಂದ ಮೇಲೆ ನಿರ್ದೇಶಕರು ಗಲೀನಾರನ್ನು ನಮ್ಮೆದುರೇ ಗದರಿದರು. ಗಲೀನಾ ಕೇಳಿಸಿಕೊಂಡರು, ನನ್ನ ಕಡೆ ತಿರುಗಿ, ಭುಜ ಕುಣಿಸಿದರು.

ಅಟ್ಟಣೆಯ ಮೇಲೆ ಕ್ಯಾಲಿಪರಿನ ಪಟ್ಟಿ ಬಿಗಿಯುವಾಗ ಅಕ್ಕ ಕೇಳಿದಳು, "ಒಳ್ಗಡೆ ಎಂಗಿತ್ತಮ್ಮಿ?"

"ಒಳಗೆ ನಾನು ಕುಂಟಿಯಾಗಿರಲಿಲ್ಲ ಕಣಕ್ಕ" ಎಂದೆ.

ಅವಳು ಪಟ್ಟಿಯನ್ನು ಇನ್ನೊಂದು ತೂತಿಗೆ ಎಳೆದು ಬಿಗಿದಳು.

ಚಾಮರಾಜನಗರ

ಊರಿಗೆ ಬಂದು ಮೊದಲ ಸೋಮವಾರವೇ ಮಕ್ಕಳಿಗೆ ತಪ್ಪು ತೋರಿಸಿದೆ. ಮೂಟೆಗಳನ್ನೆಲ್ಲ ಇಳಿಸಿ, ಗಲೀನಾ ಹೇಳಿದಂತೆ ಮತ್ತೆ ಕಟ್ಟಿದೆವು. ಹೆಡ್‌ಮಾಸ್ಟರು, "ಪ್ರೈಜ್ ಬಂದಿರೋದನ್ನ ಯಾಕ್ ಕೆಡಿಸ್ತೀರಿ ಮೇಡಂ" ಎಂದು ಒಂದು ದಿನವೆಲ್ಲ ಕೊರಗಿದರು.

ತಿಂಗಳ ನಂತರ ಚಾಮರಾಜನಗರದಲ್ಲಿ ನನಗೆ ಸನ್ಮಾನ ಇಟ್ಟುಕೊಂಡರು. ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಎಂಟು ಮಂದಿ ಗಣ್ಯರು ಕೂತಿದ್ದರು, ನಡುವೆ ನನಗೊಂದು ಬಣ್ಣದ ಕುರ್ಚಿ. ವೇದಿಕೆಗೆ ಏಳು ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ನಿರೂಪಕರು ನನ್ನ ಸಾಧನೆಯನ್ನು ಹೊಗಳಿ ಹೊಗಳಿ, ವೇದಿಕೆಗೆ ಬರಬೇಕೆಂದು ಕೋರಿದರು. ಕಾರ್ಯಕರ್ತರಿಬ್ಬರು ಓಡಿ ಬಂದು, "ಕುರ್ಚಿ ಸಮೇತ ಎತ್ಕೊಂಡ್ ಓಗ್ತೀವಿ ಮೇಡಂ, ಭಯ ಬೀಳ್ಬೇಡಿ" ಎಂದು ಎರಡೂ ಕಡೆ ಹಿಡಿದರು.

"ಕೈ ತೆಗೀರಿ" ಎಂದೆ. "ಮೈಕ್ ಇಲ್ಲಿಗೆ ತನ್ನಿ."

"ಮೇಡಂ, ಸನ್ಮಾನ ಸ್ಟೇಜ್ ಮ್ಯಾಲೆ..."

"ಏಳು ಮೆಟ್ಟಿಲು ಇಳಿಯೋಕೆ ಅವರಿಗೆ ಆಗುತ್ತೆ. ಕಂಬಿ ಇಲ್ದೆ ಹತ್ತೋಕೆ ನನಗೆ ಆಗಲ್ಲ. ಯಾರು ಬರಬೇಕು ಅಂತ ನೀವೇ ಹೇಳಿ."

ಮೈಕಿನ ತಂತಿ ಸಾಲಲಿಲ್ಲ. ಎಲ್ಲಿಂದಲೋ ಇನ್ನೊಂದು ತಂತಿ ತಂದು ಸೇರಿಸಿದರು. ನಾನು ಮೊದಲ ಸಾಲಿನ ಮುಂದೆ, ಜನರ ಕಡೆ ಮುಖ ಮಾಡಿ, ವೇದಿಕೆಗೆ ಬೆನ್ನು ಹಾಕಿ ಕೂತು ಮಾತು ಶುರು ಮಾಡಿದೆ. ನಮ್ಮ ಮಾದರಿ ತಪ್ಪಾಗಿದ್ದದ್ದನ್ನೇ ಮೊದಲು ಹೇಳಿದೆ. ಹಿಂದೆ ಕುರ್ಚಿ ಸರಿಯುವ ಸದ್ದು ಕೇಳಿಸಿ ಓರೆಯಾಗಿ ತಿರುಗಿ ನೋಡಿದೆ. ಒಬ್ಬರು ಇಳಿದರು. ಸ್ವಲ್ಪ ಹೊತ್ತಿಗೆ ಇನ್ನಿಬ್ಬರು. ಮುಖ್ಯ ಅತಿಥಿಗಳು ಎಲ್ಲರಿಗಿಂತ ಕೊನೆಗೆ, ಪಂಚೆ ಎತ್ತಿ ಹಿಡಿದು, ಗೋಡೆ ಸವರುತ್ತ ಒಂದೊಂದೇ ಮೆಟ್ಟಿಲು ಇಳಿದು ಬಂದು, ಕೂರಲು ಜಾಗ ಕಾಣದೆ ನಿಂತೇ ಇದ್ದರು.

ಅವರಿಗೊಂದು ಕುರ್ಚಿ ಕೊಡಿ ಎಂದೆ. ಮಾತು ಮುಗಿಸಲು ನನಗೆ ಯಾವ ಅವಸರವೂ ಇರಲಿಲ್ಲ.